ಹತ್ತಿ ತೆಗೆದ ಕಿವಿ

ಬಲಗಿವಿಯಲ್ಲಿ ಸದಾ ಒಂದು ಉಂಡೆ ಹತ್ತಿ ಇರುತ್ತಿದ್ದುದರಿಂದ ಬೀದಿಯ ಮಕ್ಕಳು ಅವಳಿಗೆ ಹತ್ತಿಯಕ್ಕ ಎಂದು ಹೆಸರಿಟ್ಟಿದ್ದರು. ಮಕ್ಕಳ ಬಾಯಲ್ಲಿ ಆ ಹೆಸರಿಗೆ ವಿಷವಿರಲಿಲ್ಲ, ಅವಳೂ ನಗುತ್ತಲೇ ಓಗೊಡುತ್ತಿದ್ದಳು. ವಿಷವೆಲ್ಲ ಇದ್ದದ್ದು ಕಿವಿಯೊಳಗೆ. ಚಿಕ್ಕಂದಿನಲ್ಲಿ ಸೋರಲು ಶುರುವಾದದ್ದು ವಯಸ್ಸು ನಲವತ್ತರ ಹತ್ತಿರ ಬಂದರೂ ನಿಂತಿರಲಿಲ್ಲ. ಥೂ, ಅದನ್ನೆಲ್ಲ ಹೇಗೆ ಹೇಳುವುದು? ಹೇಳದೆ ವಿಧಿಯೂ ಇಲ್ಲ. ಹಳದಿ ಕೀವು, ಒಮ್ಮೊಮ್ಮೆ ಹಸಿರಿಗೆ ತಿರುಗಿದ್ದು, ಬೆಳಗಾಗುವಷ್ಟರಲ್ಲಿ ದಿಂಬಿಗೆ ಅಂಟಿ ಒಣಗಿರುತ್ತಿತ್ತು. ಹೂದಾನಿಯ ನೀರನ್ನು ವಾರಗಟ್ಟಲೆ ಚೆಲ್ಲದೆ ಬಿಟ್ಟರೆ ಬರುತ್ತದಲ್ಲ, ಅಂಥ ವಾಸನೆ. ತನ್ನ ವಾಸನೆ ತನಗೆ ತಿಳಿಯದೆ ಹೋಗುವ ಪುಣ್ಯವೂ ಅವಳಿಗಿರಲಿಲ್ಲ. ಚೆನ್ನಾಗಿಯೇ ತಿಳಿಯುತ್ತಿತ್ತು. ತಿಳಿದೂ ತಿಳಿದೂ ತನ್ನ ಮೈಯೆಂದರೆ ಅವಳಿಗೇ ಹೇಸಿಗೆ ಹುಟ್ಟಿಬಿಟ್ಟಿತ್ತು.

ಅಣ್ಣ ಅತ್ತಿಗೆಯದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಮುಂದೆ ಗಾಜಿನ ಬಾಗಿಲು, ಆಳೆತ್ತರದ ಕನ್ನಡಿ, ಕನ್ನಡಿಯ ಪಕ್ಕ ಕೊರಳಿಗೆ ಟೇಪು ಹಾಕಿಕೊಂಡ ಅತ್ತಿಗೆ. ನಡುವೆ ಒಂದು ಪರದೆ. ಪರದೆಯ ಹಿಂದೆ ಇಸ್ತ್ರಿ ಮೇಜಿನ ಮುಂದೆ ಅಣ್ಣ, ಬಟ್ಟೆ ಕತ್ತರಿಸುವ ಹಲಗೆಯ ಮುಂದೆ ಹತ್ತಿಯಕ್ಕ. ಅತ್ತಿಗೆ ಎದೆ, ಸೊಂಟ, ತೋಳು ಎಂದು ಅಳೆದು ಕೂಗಬೇಕು, ಇವಳು ಪರದೆ ಸರಿಸಿ ಇಣುಕಿ ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದುಕೊಳ್ಳಬೇಕು. ಎಡಗಿವಿ ಮೊದಲಿಂದಲೂ ಮಂದ, ಬಲಗಿವಿಯ ಕಥೆ ಹೀಗೆ. ಅರ್ಧ ಕೇಳಿಸಿಕೊಂಡು ಅರ್ಧ ತುಟಿ ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದಳು.

ಅವಳಿಗಿದ್ದ ಆಸೆ ಒಂದೇ. ಪರದೆ ದಾಟಿ ಮುಂದೆ ನಿಂತು ತಾನು ಅಳತೆ ತೆಗೆಯಬೇಕು. ನಿಮಗೆ ನಗು ಬರಬಹುದು, ಟೇಪು ಹಿಡಿಯುವುದೂ ಒಂದು ಆಸೆಯೇ ಎಂದು. ಅಳತೆ ತೆಗೆಯುವವಳು ಇನ್ನೊಬ್ಬಳ ಉಸಿರು ತಾಗುವಷ್ಟು ಹತ್ತಿರ ನಿಲ್ಲಬೇಕು, ಸೊಂಟ ಬಳಸಿ ಟೇಪು ಸುತ್ತಬೇಕು. ಅವ್ವ ಹೋದ ಮೇಲೆ ಹತ್ತಿಯಕ್ಕನ ಹತ್ತಿರ ಅಷ್ಟು ಸಮೀಪ ಯಾರೂ ನಿಂತದ್ದಿಲ್ಲ. “ಕಿವಿ ಒಂದು ಒಣಗ್ಲಿ ಕಣೇ, ಟೇಪು ನಿನ್ನ ಕೈಗೇ ಕೊಡ್ತೀನಿ” ಎಂದು ಅತ್ತಿಗೆ ಯಾವತ್ತೋ ಒಂದು ಮಾತು ಕೊಟ್ಟಿದ್ದಳು. ಆ ಮಾತನ್ನು ಇವಳು ಗಂಟು ಹಾಕಿ ಇಟ್ಟುಕೊಂಡಿದ್ದಳು.

ಅತ್ತಿಗೆಯ ಬಾಯಿ ಖಾರ. ಆದರೂ ಒಳಗೆ ಪ್ರೀತಿ ಇದೆ ಎಂದು ಇವಳು ನಂಬಿದ್ದು ಒಂದೇ ಒಂದು ಪದದ ಮೇಲೆ. ಅಳತೆ ಮುಗಿದ ಮೇಲೆ ಅತ್ತಿಗೆ ಪರದೆಯ ಕಡೆ ಗಲ್ಲ ತಿರುಗಿಸಿ, ಬಂದವರಿಗೆ ತಗ್ಗಿದ ದನಿಯಲ್ಲಿ “ನಮ್ಮ ಪೋರಿ” ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ನಲವತ್ತು ಮುಟ್ಟುತ್ತಿರುವ ಹೆಂಗಸಿಗೆ ಪೋರಿ ಅಂತೆ ಎಂದು ಇವಳಿಗೂ ನಾಚಿಕೆ, ನಗು. ಪರದೆ ಹಿಡಿದುಕೊಂಡೇ ಹಲ್ಲು ಕಿರಿಯುತ್ತಿದ್ದಳು.

ಕೊನೆಗೂ ದೊಡ್ಡಾಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಕಿವಿಯ ತಮಟೆ ತೂತಾಗಿ ಹಿಂದಿನ ಮೂಳೆಯೂ ಕೊಳೆತಿತ್ತಂತೆ, ಎಲ್ಲ ಕೆರೆದು ತೆಗೆದು ಹೊಸ ಪೊರೆ ಕೂರಿಸಿದರು. ಗಾಯ ಮಾಗಿದ ಮೇಲೆ ಒಂದು ಬೆಳಗ್ಗೆ ಹತ್ತಿ ತೆಗೆದು ಮೂಗಿಗೆ ಹಿಡಿದಳು. ಏನೂ ಇಲ್ಲ. ಇನ್ನೊಮ್ಮೆ ಹಿಡಿದಳು. ಬರೀ ಹತ್ತಿ! ಬಚ್ಚಲಲ್ಲಿ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ದಿನ ಕಳೆದಂತೆ ಕಿವಿಯೂ ತೆರೆಯಿತು. ಕತ್ತರಿ ಬಟ್ಟೆಯೊಳಗೆ ಹೋಗುವಾಗ ಕರಕರ ಎನ್ನುತ್ತದೆಂಬುದು ಅವಳಿಗೆ ಹೊಸ ಸುದ್ದಿ.

“ಅತ್ತಿಗೆ, ಒಣಗಿದೆ. ಇನ್ನು ಟೇಪು ಕೊಡ್ತೀರಾ?” ಎಂದು ಕೇಳಿದಳು.

“ಜನಕ್ಕೆ ಅಭ್ಯಾಸ ಆಗ್ಬೇಕಲ್ಲಮ್ಮ, ಸ್ವಲ್ಪ ತಡಿ” ಎಂದಳು ಅತ್ತಿಗೆ.

ಸರಿ, ತಡೆದಳು. ತಡೆಯುವುದು ಅವಳಿಗೇನು ಹೊಸದೇ?

ಬೀದಿಗೆ ಹೊಸದಾಗಿ ಬಂದ ಟೀಚರೊಬ್ಬರು ಬಟ್ಟೆ ತೊಟ್ಟು ನೋಡಲು ಬಂದ ದಿನ, ಹೊಲಿದ ಅಂಗಿಯನ್ನು ಹತ್ತಿಯಕ್ಕನೇ ಮುಂದೆ ತಂದಳು. ಟೀಚರಿಗೆ ಇವಳ ಪುರಾಣ ಗೊತ್ತಿಲ್ಲ. ಪಕ್ಕದಲ್ಲೇ ನಿಂತು, “ನೀವೇ ಕತ್ತರಿಸಿದ್ದಾ? ಭುಜ ಎಷ್ಟು ಚೆನ್ನಾಗಿ ಕೂತಿದೆ ನೋಡಿ!” ಎಂದು ತೋಳು ಹಿಡಿದುಕೊಂಡೇ ಮಾತಾಡಿದರು. ಹತ್ತಿಯಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಗುಂಡುಸೂಜಿಯ ಡಬ್ಬಿ ತರಲು ಬೆನ್ನು ತಿರುಗಿಸಿದಳು. ಆಗ ಹಿಂದಿನಿಂದ ಅತ್ತಿಗೆಯ ತಗ್ಗಿದ ದನಿ.

“ಅದು ನಮ್ಮ ಮೋರಿ. ಸ್ವಲ್ಪ ದೂರ ನಿಂತ್ಕೊಳ್ಳಿ.”

ಜೀವನದಲ್ಲಿ ಮೊದಲ ಸಲ ಆ ಪದವನ್ನು ಅವಳು ತುಟಿ ನೋಡದೆ ಕೇಳಿದ್ದು. ಪೋರಿ ಎನ್ನುವುದಕ್ಕೂ ತುಟಿ ಮುಚ್ಚಿ ತೆರೆಯಬೇಕು, ಮೋರಿ ಎನ್ನುವುದಕ್ಕೂ ಅಷ್ಟೇ. ನೋಡುವ ಕಣ್ಣಿಗೆ ಎರಡೂ ಒಂದೇ. ಮನೆಯ ಕೂಸು ಎಂದುಕೊಂಡು ಇಷ್ಟು ವರ್ಷ ಅವಳು ಹಲ್ಲು ಕಿರಿದದ್ದು ಬೀದಿಯ ಕೊಳಚೆ ಹರಿಯುವ ಮೋರಿಗೆ!

ತಿರುಗಿ ನೋಡಿದರೆ ಟೀಚರು ಕರ್ಚೀಫು ಮೂಗಿಗೆ ಒತ್ತಿಕೊಂಡಿದ್ದರು. ಒಂದು ನಿಮಿಷದ ಹಿಂದೆ ತೋಳು ಹಿಡಿದಿದ್ದ ಅದೇ ಮಹಾತಾಯಿ! ಇಲ್ಲದ ವಾಸನೆಗೆ ಮೂಗು ಮುಚ್ಚಿಕೊಂಡು ನಿಂತಿದ್ದಳು. ಓದಿದವಳಂತೆ, ಮಕ್ಕಳಿಗೆ ಪಾಠ ಹೇಳುವವಳಂತೆ, ಥತ್!

ಟೀಚರು ಹೋದ ಮೇಲೆ ಹತ್ತಿಯಕ್ಕ ಕೇಳಿದಳು. “ನನ್ನ ಏನಂತ ಕರೆದ್ರಿ ಅತ್ತಿಗೆ? ನಾನು ಪೋರಿ ಅಂತ ತಿಳ್ಕೊಂಡಿದ್ದೆ.”

ಅತ್ತಿಗೆ ಕೊರಳಿನ ಟೇಪು ಸರಿಮಾಡಿಕೊಂಡು, “ಅಯ್ಯೋ, ಅದಕ್ಯಾಕೆ ಮುಖ ಊದಿಸ್ಕೊಳ್ತೀಯ? ತಮಾಷೆಗೆ ಅಂದಿದ್ದು. ನೀನೂ ನಗ್ತಿದ್ದೆಯಲ್ಲ!” ಎಂದಳು.

ಹತ್ತಿಯಕ್ಕ ಅಣ್ಣನ ಕಡೆ ನೋಡಿದಳು. ಅವನು ಅದೇ ಕಾಲರಿನ ಮೇಲೆ ಮತ್ತೆ ಮತ್ತೆ ಇಸ್ತ್ರಿ ಎಳೆಯುತ್ತಿದ್ದ.

“ನಿನಗೆ ಗೊತ್ತಿತ್ತೇನೋ ಅಣ್ಣ?”

“ನೀನು ನಗ್ತಿದ್ದೆ” ಎಂದ ಅವನೂ, ತಲೆ ಎತ್ತದೆ. “ನಿನಗೇನೂ ಬೇಜಾರಿಲ್ಲ ಅಂದ್ಕೊಂಡೆ.”

ಅವಳಿಗೆ ತನ್ನ ಕೀವನ್ನು ತಾನೇ ಒರೆಸಿಕೊಂಡಾಗಲೂ ಇಷ್ಟು ಹೇಸಿಗೆಯಾಗಿರಲಿಲ್ಲ. ಊಟದ ಹೊತ್ತಿಗೆ ಅತ್ತಿಗೆ ಕರೆದರೂ ಏಳಲಿಲ್ಲ. ಆ ಕೈಯಿಂದ ಬಡಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಆ ವಾರವೇ ಆಸ್ಪತ್ರೆಯಲ್ಲಿ ತಪಾಸಣೆ. ಅತ್ತಿಗೆ ಯಾವತ್ತಿನಂತೆ ಜೊತೆಗೆ ಹೊರಟಳು. ಇವಳಿಗೆ ಕೇಳಿಸುವುದಿಲ್ಲ ಎಂದು ಡಾಕ್ಟರಿಗೆಲ್ಲ ಅವಳೇ ಉತ್ತರ ಕೊಟ್ಟು ರೂಢಿ. ಡಾಕ್ಟರು ಬೆಳಕು ಬಿಟ್ಟು ನೋಡಿ, “ಬಹಳ ಚೆನ್ನಾಗಿ ಒಣಗಿದೆ” ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲೊಬ್ಬಳು ಎಳೆಯ ಡಾಕ್ಟರು, ಆಪರೇಶನ್ ಆದವರ ಬದುಕು ಎಷ್ಟು ಸುಧಾರಿಸಿದೆ ಎಂದು ಅಳೆಯುವುದು ಅವಳ ಕೆಲಸ. ಪ್ರಶ್ನೆ ಕೇಳುವುದು, ಉತ್ತಮವೋ, ಹಾಗೇ ಇದೆಯೋ, ಕೆಟ್ಟಿದೆಯೋ ಎಂದು ಗುರುತು ಹಾಕುವುದು.

“ಸೋರುವುದು?”

“ನಿಂತಿದೆ.”

“ವಾಸನೆ?”

“ಇಲ್ಲ.”

“ಕೇಳಿಸೋದು?”

“ಚೆನ್ನಾಗಿ ಕೇಳುತ್ತೆ.” ಈ ಮಾತನ್ನು ಹತ್ತಿಯಕ್ಕ ಅತ್ತಿಗೆಯ ಮುಖ ನೋಡಿಯೇ ಹೇಳಿದಳು.

“ಮನೆಯವರ ಜೊತೆ ಒಡನಾಟ ಮೊದಲಿಗಿಂತ ಹೇಗಿದೆ?”

“ಉತ್ತಮ ಅಂತ ಬರ್ಕೊಳ್ಳಮ್ಮ” ಎಂದಳು ಅತ್ತಿಗೆ. “ನಾವೇ ಅಲ್ವಾ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದು.”

“ಕೆಟ್ಟಿದೆ ಅಂತ ಬರ್ಕೊಳ್ಳಿ” ಎಂದಳು ಹತ್ತಿಯಕ್ಕ.

ಹುಡುಗಿಯ ಪೆನ್ನು ನಿಂತಿತು. “ಕಿವಿ ಇಷ್ಟು ವಾಸಿಯಾಗಿದೆ, ಅದು ಹೇಗೆ ಕೆಡುತ್ತೆ?”

“ಕಿವಿ ವಾಸಿಯಾಗಿದ್ದಕ್ಕೇ ಕೆಟ್ಟಿದ್ದು. ನೀವು ಬರ್ಕೊಳ್ಳಿ.”

“ಮತ್ತೆ ಇಂಥ ಸಂದರ್ಭ ಬಂದ್ರೆ ಆಪರೇಶನ್ ಮಾಡಿಸ್ಕೊಳ್ತೀರಾ?”

“ಮಾಡಿಸ್ಕೊಳ್ತೀನಿ. ಇನ್ನೂ ಮೊದಲೇ ಮಾಡಿಸ್ಕೊಳ್ಬೇಕಿತ್ತು.”

ಹೊರಗೆ ಬಂದಾಗ ಅತ್ತಿಗೆಯ ಮುಖ ಇಳಿದಿತ್ತು. ಇವಳು ಮುನಿಸಿಕೊಂಡರೆ ಹಲಗೆಯ ಮುಂದೆ ನಿಲ್ಲುವವರು ಯಾರು ಎಂಬ ಲೆಕ್ಕ ಅವಳ ತಲೆಯಲ್ಲಿ ನಡೆದಿರಬೇಕು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತು ಇವಳ ಹೆಗಲ ಮೇಲೆ ಕೈ ಇಟ್ಟಳು. ದನಿಯಲ್ಲಿ ಎಲ್ಲಿಲ್ಲದ ಬೆಣ್ಣೆ.

“ನಾಳೆಯಿಂದ ಟೇಪು ನೀನೇ ಹಿಡ್ಕೊ, ಆಯ್ತಾ? ಮುಂದೆ ನೀನೇ ನಿಂತ್ಕೊ. ಬಾರೇ, ನಮ್ಮ ಪೋರಿ.”

ಈ ಸಲ ಪದ ಸ್ಪಷ್ಟವಾಗಿ ಕೇಳಿತು. ತಪ್ಪು ತಿಳಿದಿದ್ದೆ ಎಂದು ತಾನೇ ಬಾಯಿಬಿಟ್ಟು ಹೇಳಿದ್ದ ಪದವನ್ನು ಅತ್ತಿಗೆ ಎತ್ತಿಕೊಂಡು, ಜೊಲ್ಲಿನಲ್ಲಿ ಅದ್ದಿ ವಾಪಸು ಕೊಡುತ್ತಿದ್ದಳು. ಇಷ್ಟು ವರ್ಷ ಬಯಸಿದ ಎರಡೂ ಒಟ್ಟಿಗೇ ಬಂದಿದ್ದವು, ಎರಡೂ ನಾರುತ್ತಿದ್ದವು. ಹತ್ತಿಯಕ್ಕ ಹೆಗಲ ಮೇಲಿನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ಮೋರಿ ಅಂತಾನೇ ಕರೀರಿ ಅತ್ತಿಗೆ. ಅದನ್ನಾದ್ರೂ ಮನಸ್ಸಿಟ್ಟು ಅಂತಿದ್ರಿ” ಎಂದಳು. “ನಾಳೆಯಿಂದ ನಾನು ಅಂಗಡಿಗೆ ಬರಲ್ಲ.”