ಟ್ಯಾಕ್ಸಣ್ಣನ ಮಾಮೂಲಿ ಪ್ರಶ್ನೆ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವು ಹತ್ತಿರ ಬಂತೆಂದರೆ ಟ್ಯಾಕ್ಸಣ್ಣನ ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ಅತ್ತ ತಲೆ ಹಾಕದವರೆಲ್ಲ ಈಗ ಅವನ ಬೆಂಚಿಗೆ ಮುಗಿಬೀಳುತ್ತಾರೆ. ಒಬ್ಬರು ಎಣ್ಣೆ ಮೆತ್ತಿದ ಬಿಲ್ಲುಗಳನ್ನು ಚೀಲದಿಂದ ಮೇಜಿನ ಮೇಲೆ ಸುರಿದು, "ಐದು ನಿಮಿಷದ ಕೆಲಸ ಅಲ್ವಾ?" ಎನ್ನುತ್ತಾರೆ, ಇನ್ನೊಬ್ಬರು ತಮ್ಮ ನಾಯಿಯನ್ನೂ ಅವಲಂಬಿತರ ಪಟ್ಟಿಗೆ ಸೇರಿಸಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ತೆರಿಗೆಯನ್ನು ಇವನೇ ಹುಟ್ಟುಹಾಕಿದನೇನೋ ಎಂಬಂತೆ ಬೈಗುಳವೂ ಇವನಿಗೇ. ಟ್ಯಾಕ್ಸಣ್ಣನಿಗೆ ಜಗಳವಾಡುವಷ್ಟು ತ್ರಾಣವಿಲ್ಲ. ಕಂಪ್ಯೂಟರಿನಿಂದ ಕಣ್ಣೆತ್ತದೆ ಎಲ್ಲರಿಗೂ ಒಂದೇ ರಾಗದಲ್ಲಿ, "ಕೂತ್ಕೊಳ್ಳಿ. ಹೋದ ವರ್ಷದಿಂದೀಚೆಗೆ ಮನೇಲಿ ಏನಾದ್ರೂ ಹೊಸದಿದೆಯಾ?" ಎಂದು ಕೇಳುತ್ತಾನೆ. ಮದುವೆಯೆನ್ನಲಿ, ಹೆರಿಗೆಯೆನ್ನಲಿ, ಸಾವೆನ್ನಲಿ, "ಹ್ಞೂಂ, ದಾಖಲೆ ಕೊಡಿ" ಎಂದು ಎಡಗೈ ಚಾಚುತ್ತಾನೆ. ನಿನ್ನೆ ಅವನ ಹೆಂಡತಿ ಕಂಕುಳಲ್ಲಿ ಮಗು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಂದವಳು, ಬೆಂಚಿನಲ್ಲಿ ಸರದಿ ಕಾದು, ಎದುರಿನ ಕುರ್ಚಿಯಲ್ಲಿ ಕೂತಳು. ಅವಳಿಗೂ ಅದೇ ಪ್ರಶ್ನೆ, ಅದೇ ರಾಗ. "ಇದೆ ರೀ," ಎಂದಳು, "ಪಾಪು ನಡೆಯೋಕೆ ಶುರು ಮಾಡಿ ವಾರ ಆಯ್ತು." "ಹ್ಞೂಂ, ದಾಖಲೆ ಕೊಡಿ," ಎಂದು ಟ್ಯಾಕ್ಸಣ್ಣ ಕಣ್ಣೆತ್ತದೆ ಎಡಗೈ ಚಾಚಿದ. ಅವಳು ಮಗುವನ್ನು ನೆಲಕ್ಕಿಳಿಸಿದಳು. ತಪ್ಪುಹೆಜ್ಜೆಯಿಡುತ್ತಾ ಮೇಜು ಬಳಸಿ ಬಂದ ಮಗುವಿನ ಪುಟ್ಟ ಕೈಯೊಂದು, ಚಾಚಿದ ಆ ಕೈಯ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.