ನನಗಿನ್ನೂ ಒಂದು ಸುತ್ತು ಉಳಿದಿತ್ತು

ಆ ವರ್ಷ ಸುಸ್ತು ಯಾವಾಗ ಶುರುವಾಯಿತೆಂದು ಸರಿಯಾಗಿ ಹೇಳಲಾರೆ. ಓಡುವವರಿಗೆ ಸುಸ್ತು ಹೊಸದಲ್ಲ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಇದು ಬೇರೆ ಥರದ್ದು. ಬೆಳಿಗ್ಗೆ ನಾಲೆ ಏರಿಯ ಮೇಲೆ ಎರಡು ಕಿಲೋಮೀಟರ್ ಓಡುವಷ್ಟರಲ್ಲಿ ತೊಡೆಗಳು ನೆನೆದ ಗೋಣಿಚೀಲದಂತೆ ಭಾರವಾಗುತ್ತಿದ್ದವು. ನಮ್ಮ ಮನೆಗಿರುವುದು ಮೂರೇ ಮೆಟ್ಟಿಲು. ಅವನ್ನು ಹತ್ತುವಾಗಲೂ ಗೋಡೆ ಹಿಡಿಯುತ್ತಿದ್ದೆ.

ನಮ್ಮದು ಚಿಕ್ಕಯ್ಯನಛತ್ರದ ಹತ್ತಿರದ ಹಳ್ಳಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ದಾರ ಸುತ್ತುವ ಮಿಷಿನ್ ಮುಂದೆ ನಿಂತು ಕೆಲಸ ಮಾಡುತ್ತಿದ್ದಳು. ಹೈಸ್ಕೂಲಿಗೆಂದು ನಾನು ಟಿ. ನರಸೀಪುರದ ಹಾಸ್ಟೆಲ್ ಸೇರಿದೆ. ಅಲ್ಲಿನ ಪಿ.ಟಿ. ಮಿಸ್ ನನ್ನನ್ನು ಓಟಕ್ಕೆ ಹಚ್ಚಿದರು. ಅವರೂ ವಯಸ್ಸಿನಲ್ಲಿ ಓಡಿದವರೇ, ಮದುವೆಯಾದ ಮೇಲೆ ಬಿಟ್ಟವರು. ಸ್ಕೂಟರಿನಲ್ಲಿ ನನ್ನ ಹಿಂದೆ ಬರುತ್ತಾ, ಕೊರಳಿಗೆ ಹಾಕಿಕೊಂಡ ವಾಚು ನೋಡಿ, 'ನಾಕು ಸೆಕೆಂಡು ಜಾಸ್ತಿ' ಎಂದು ಕೂಗುತ್ತಿದ್ದರು. 'ಭೇಷ್' ಎಂದದ್ದು ಹತ್ತು ವರ್ಷದಲ್ಲಿ ಎರಡೋ ಮೂರೋ ಸಲ.

ಐದು ಸಾವಿರ ಮೀಟರ್ ಓಟದಲ್ಲಿ ದೇಶದ ತಂಡಕ್ಕೆ ನಾನು ಆಯ್ಕೆಯಾದ ಸುದ್ದಿ ಬಂದಾಗ ನಮ್ಮ ಬೀದಿಯ ಸಮುದಾಯ ಭವನದ ಮುಂದೆ ಫ್ಲೆಕ್ಸ್ ಕಟ್ಟಿದರು. ಏಷ್ಯಾ ಮಟ್ಟದ ಕೂಟ, ನನ್ನ ಮೊದಲ ವಿದೇಶ. ಫ್ಲೆಕ್ಸಿನಲ್ಲಿ ನನ್ನ ಫೋಟೋದ ಕೆಳಗೆ 'ಚಿನ್ನ ತಾ ಮಗಳೇ' ಎಂದು ಬರೆಸಿದ್ದರು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದವರೊಬ್ಬರು ಬಂದು, 'ಮೆಡ್ಲು ಗ್ಯಾರಂಟಿ ಅಲ್ವೇನವ್ವ?' ಎಂದು ಕೇಳಿದರು. 'ನೋಡೋಣ ಸಾ' ಎಂದೆ. ಬಸ್ಸಿನಲ್ಲಿ ಕೂತವಳು ಚಿಕ್ಕಯ್ಯನಛತ್ರ ದಾಟಿದ್ದೂ ಗೊತ್ತಾಗದಂತೆ ನಿದ್ದೆ ಹೋದೆ.

ಹೊರಡುವ ಮೂರು ವಾರ ಮುಂಚೆ ತರಬೇತಿ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಕಾಗದ ನೋಡಿ, ಮುಟ್ಟು ಹೇಗೆ ಬರುತ್ತದೆ, ಏನು ಊಟ ಮಾಡುತ್ತೀಯ ಎಂದೆಲ್ಲ ಕೇಳಿದರು. ರಕ್ತದಲ್ಲಿ ಕಬ್ಬಿಣದಂಶ ತೀರಾ ಇಳಿದಿತ್ತು. ಮಾತ್ರೆ ಬರೆದುಕೊಟ್ಟು, 'ಇದು ಮೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕು. ಓಡಿದರೆ ಅಪಾಯವೇನಿಲ್ಲ, ಆದರೆ ನಿನ್ನ ಟೈಮ್ ಬರಲ್ಲ' ಎಂದರು. ಹೋಗುವುದೋ ಬಿಡುವುದೋ ನೀನೇ ತೀರ್ಮಾನ ಮಾಡು ಎಂದೂ ಹೇಳಿದರು.

ನಾನು ಹೊರಗೆ ಬಂದು ಮಿಸ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

'ನಿಜ ಹೇಳ್ಲಾ?'

'ಹೇಳಿ ಮಿಸ್.'

'ರಕ್ತ ಸರಿ ಇದ್ದಿದ್ರೆ ಏಳನೇದೋ ಎಂಟನೇದೋ ಬತ್ತಿದ್ದೆ. ಮೆಡ್ಲು ಆಗ್ಲೂ ಇರ್ಲಿಲ್ಲ. ಈಗ ಕಡೇ ಮೂರ್ರಲ್ಲಿ ಇರ್ತೀಯ.'

'ಹಂಗಾದ್ರೆ ಹೋಗ್ಬೇಡ ಅಂತೀರಾ?'

'ಅಂಗಂದ್ನಾ? ನಾನು ಒಂದ್ಸಲ ಮನೇಲಿ ಬ್ಯಾಡ ಅಂದ್ರು ಅಂತ ಉಳ್ಕೊಂಡೆ. ಆಮೇಲೆ ಯಾರೂ ಕರೀಲಿಲ್ಲ. ಕಡೇಲಿ ಬಂದ್ರೆ ನಿಂಗೆ ತಡ್ಕೊಳಕ್ಕಾಯ್ತದಾ ನೋಡ್ಕೊ. ಆಯ್ತದೆ ಅಂದ್ರೆ ಹೋಗು.'

ತಡೆದುಕೊಳ್ಳುತ್ತೇನೆ ಎಂದೆ. ನಿಜಕ್ಕೂ ಆಗ ಅದನ್ನು ಯೋಚಿಸಿರಲಿಲ್ಲ. ಒಮ್ಮೆ ವಿಮಾನ ಹತ್ತಿಬಿಟ್ಟರೆ ಮಲಗಬಹುದಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ಊರಿನವರಿಗೆ ರಕ್ತದ ವಿಷಯ ಹೇಳಲಿಲ್ಲ. ಅವ್ವನಿಗೆ ಮಾತ್ರ ಹೇಳಿದೆ. ಅವಳು, 'ನಾನು ನುಗ್ಗೆ ಸೊಪ್ಪು ಆಕ್ತಿದ್ನಲ್ಲವ್ವ ದಿನಾ' ಎಂದಳು, ತಪ್ಪು ತನ್ನದೇ ಎಂಬಂತೆ.

ಓಟ ಇದ್ದದ್ದು ಸಂಜೆ. ಅಂಕಣಕ್ಕೆ ಹೋಗುವ ಮುಂಚೆ ಓಟಗಾರ್ತಿಯರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಗೋಡೆಯ ಮೇಲೆ ಪಟ್ಟಿ ಇತ್ತು, ಪ್ರತಿಯೊಬ್ಬರ ಆ ವರ್ಷದ ಅತ್ಯುತ್ತಮ ಟೈಮಿನ ಸಮೇತ. ಹದಿನಾಲ್ಕು ಜನರಲ್ಲಿ ನಾನು ಒಂಬತ್ತನೆಯವಳು. ಆ ಟೈಮ್ ಓಡಿದ ಹುಡುಗಿ ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಪಕ್ಕದಲ್ಲಿ ಕೂತವಳು ಬಾಳೆಹಣ್ಣು ಮುರಿದು ಅರ್ಧ ನನ್ನ ಕಡೆ ಚಾಚಿದಳು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ. ತಿಂದೆ.

ಮೊದಲ ಐದು ಸುತ್ತು ಗುಂಪಿನ ಜೊತೆಗೇ ಇದ್ದೆ. ಒಂದು ಗಳಿಗೆ ಡಾಕ್ಟರಮ್ಮನ ಲೆಕ್ಕ ತಪ್ಪಿರಬಹುದು ಎನಿಸಿತು. ಆರನೇ ಸುತ್ತಿನಲ್ಲಿ ಮುಂದಿನವರು ವೇಗ ಏರಿಸಿದರು. ನನ್ನ ಉಸಿರು ಸರಿಯಾಗಿಯೇ ಇತ್ತು, ಕಾಲು ಮಾತ್ರ ಕೇಳಲಿಲ್ಲ. ಬೆನ್ನುಗಳು ಒಂದೊಂದಾಗಿ ದೂರ ಹೋದವು. ಎಂಟನೇ ಸುತ್ತಿಗೆ ನಾನು ಒಬ್ಬಳೇ. ನನ್ನ ಹಿಂದೆ ಉಳಿದಿದ್ದ ಒಬ್ಬ ಹುಡುಗಿಯೂ ಪಕ್ಕೆ ಹಿಡಿದುಕೊಂಡು ಹುಲ್ಲಿನ ಕಡೆ ಸರಿದು ಕೂತುಬಿಟ್ಟಳು. ಅವಳನ್ನು ನೋಡಿ ನನಗೆ ಅಯ್ಯೋ ಅನಿಸಲಿಲ್ಲ, ಹೊಟ್ಟೆಕಿಚ್ಚಾಯಿತು.

ಆಮೇಲೆ ಗಂಟೆ ಬಾರಿಸಿದರು. ಮುಂದಿರುವವರಿಗೆ ಕೊನೆಯ ಸುತ್ತು ಎಂದು ಹೇಳುವ ಗಂಟೆ ಅದು. ಮುಂದಿದ್ದವರು ಹತ್ತಿರಹತ್ತಿರ ಒಂದು ಸುತ್ತು ಹೆಚ್ಚು ಓಡಿ ನನ್ನ ಬೆನ್ನ ಹಿಂದೆಯೇ ಬಂದಿದ್ದರು. ಕೊನೆಯ ತಿರುವಿನಲ್ಲಿ ಮೂವರು ನನ್ನನ್ನು ದಾಟಿಕೊಂಡು ಹೋದರು. ಅವರು ಹೋದ ರಭಸದ ಗಾಳಿ ತೋಳಿಗೆ ತಾಗಿತು. ಅವರು ಗೆರೆ ಮುಟ್ಟಿದಾಗ ಇಡೀ ಸ್ಟೇಡಿಯಂ ಎದ್ದು ನಿಂತು ಕೂಗಿತು. ಅದೇ ಗದ್ದಲದ ನಡುವೆ ನಾನೂ ಆ ಗೆರೆ ದಾಟಿದೆ. ನನಗಿನ್ನೂ ಒಂದು ಸುತ್ತು ಉಳಿದಿತ್ತು.

ಅಲ್ಲಿ ನಿಂತುಬಿಡಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಗೆದ್ದವಳು ಮಂಡಿಯೂರಿದ್ದಳು, ಕ್ಯಾಮೆರಾದವರು ಅವಳನ್ನು ಮುತ್ತಿಕೊಂಡಿದ್ದರು. ಒಬ್ಬ ಅಧಿಕಾರಿ ನನ್ನತ್ತ ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ನಾನು ಓಡಿದೆ. ಧೈರ್ಯ ಎಂದು ಆಮೇಲೆ ಕೆಲವರು ಅಂದರು, ಅದು ಧೈರ್ಯವಲ್ಲ. ನಿಲ್ಲುವುದಕ್ಕೂ ಒಂದು ತೀರ್ಮಾನ ಮಾಡಬೇಕಲ್ಲ, ಅಷ್ಟು ಮಾಡುವ ಶಕ್ತಿಯೂ ನನ್ನಲ್ಲಿರಲಿಲ್ಲ. ಎದುರು ಬದಿಯ ನೇರದಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸುತ್ತಿತ್ತು. ಗೆರೆಯ ಹತ್ತಿರ ಬಂದಾಗ ನನ್ನ ದಾರಿಗೆ ಅಡ್ಡ ನಿಂತಿದ್ದ ಫೋಟೋದವನೊಬ್ಬನನ್ನು ಆ ಅಧಿಕಾರಿ ರಟ್ಟೆ ಹಿಡಿದು ಪಕ್ಕಕ್ಕೆಳೆದ. ಹದಿಮೂರನೆಯವಳಾಗಿ, ಅಂದರೆ ಓಟ ಮುಗಿಸಿದವರಲ್ಲಿ ಕೊನೆಯವಳಾಗಿ ಗೆರೆ ಮುಟ್ಟಿದೆ. ಬಾಳೆಹಣ್ಣು ಕೊಟ್ಟ ಹುಡುಗಿ ಬಂದು ನೀರಿನ ಬಾಟಲಿ ಕೊಟ್ಟು, ಬೆನ್ನು ತಟ್ಟಿ ಹೋದಳು.

ಊರಿಗೆ ಬಂದಾಗ ಫ್ಲೆಕ್ಸ್ ಬಿಚ್ಚಿದ್ದರು. ಅವ್ವ ಆ ದಿನ ರಜೆ ಹಾಕಿ ಮನೆಯಲ್ಲಿದ್ದಳು. ಮುದ್ದೆ, ಉಪ್ಸಾರು ಬಡಿಸಿದಳು. ನಾನು ಉಂಡು ಕೈ ತೊಳೆದೆ. ಆಮೇಲೆ ಮೆಲ್ಲಗೆ ಕೇಳಿದಳು.

'ನೀನು ಬಿದ್ದುಗಿದ್ದ್ಯೇನವ್ವ?'

'ಇಲ್ವಲ್ಲವ್ವ, ಯಾಕೆ?'

'ಕ್ಯಾಂಟೀನಲ್ಲಿ ಎಲ್ರೂ ಸೇರ್ಕಂಡು ಫೋನಲ್ಲಿ ನೋಡ್ತಿದ್ದೊ. ಗೆದ್ದೋಳ್ನ ತೋರ್ಸುದ್ರು, ಬಾವುಟ ತೋರ್ಸುದ್ರು, ನಿಂತೋಯ್ತು. ನೀನು ಬಂದುದ್ದ ತೋರ್ಸ್ನೇ ಇಲ್ಲ. ಎಲ್ಲಿ ಬಿದ್ದೋದ್ಲೋ ಏನೋ ಅಂತ ನನ್ ಜೀವ ಒಡ್ಕತಿತ್ತು.'

ಓಟದ ರಾತ್ರಿಯೇ ಫೋನಿನಲ್ಲಿ ನಾನು, 'ಆಯ್ತವ್ವ, ಮುಗೀತು' ಎಂದಷ್ಟೇ ಹೇಳಿದ್ದೆ. ಮುಗಿಸಿದೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ. ಹಾಗಾಗಿ ಅವತ್ತು ಮೊದಲಿಂದ ಎಲ್ಲ ಹೇಳಿದೆ. ಗಂಟೆ, ದಾಟಿ ಹೋದ ಮೂವರು, ಖಾಲಿ ಸುತ್ತು.

'ಒಬ್ಳೇ ಓಡ್ದಾ?'

'ಊಂ.'

'ನಾಚ್ಕೆ ಆಗ್ಲಿಲ್ವಾ?'

'ಆಯ್ತು.'

ಅವಳು, 'ಸರಿ, ಮನಿಕೊ ಓಗು' ಎಂದಳು. ಚಾಪೆ ಹಾಸಿ ತಲೆದಿಂಬು ತಂದಿಟ್ಟಳು. ನಾನು ಮಲಗಿದ ಮೇಲೆ ಪಾದದ ಹತ್ತಿರ ಕೂತು, ಕಪ್ಪಾಗಿದ್ದ ಉಗುರುಗಳಿಗೆ ಎಣ್ಣೆ ಸವರಿದಳು. ಓಟ ಶುರು ಮಾಡಿದ ಮೇಲೆ ಅವಳು ನನ್ನ ಕಾಲು ಮುಟ್ಟಿದ್ದು ಅದೇ ಮೊದಲು.

ಆ ವಾರವೆಲ್ಲ ಮಲಗಿದ್ದೆ. ಆಮೇಲೆ ಆರು ತಿಂಗಳು ಮಾತ್ರೆ ನುಂಗಿದೆ. ರಕ್ತ ಏರಿತು, ಟೈಮ್ ಪೂರ್ತಿ ಹಿಂದಿರುಗಲಿಲ್ಲ. ಮುಂದಿನ ಆಯ್ಕೆಯಲ್ಲಿ ನನಗಿಂತ ಚಿಕ್ಕ ಹುಡುಗಿಯೊಬ್ಬಳು ನನ್ನನ್ನು ಹಿಂದೆ ಹಾಕಿ ತಂಡಕ್ಕೆ ಹೋದಳು. ಈಗ ನಾನು ನರಸೀಪುರದಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಮಿಸ್ ನಿವೃತ್ತರಾಗಿದ್ದಾರೆ. ಭಾನುವಾರ ಅವರ ಹೈಸ್ಕೂಲಿನ ಹುಡುಗಿಯರನ್ನು ಓಡಿಸಲು ನಾನು ಹೋಗುತ್ತೇನೆ. ಮೊದಲ ದಿನವೇ ಎಲ್ಲರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆ. ಒಬ್ಬಳು ಸೂಜಿ ನೋಡಿ ಅಳತೊಡಗಿದಳು. 'ಓಡಕ್ಕೂ ಇದಕ್ಕೂ ಏನಕ್ಕ ಸಂಬಂಧ?' ಎಂದು ಇನ್ನೊಬ್ಬಳು ಕೇಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಅವರನ್ನೆಲ್ಲ ಕೂರಿಸಿಕೊಂಡು, ನನಗೆ ಉಳಿದಿದ್ದ ಆ ಒಂದು ಸುತ್ತಿನ ಕತೆ ಹೇಳಿದೆ.