ದಮ್ಮಿಲ್ಲದ ಟ್ರಾನ್ಸಿಸ್ಟರು

ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿದವನು. ವಿದ್ಯುತ್ಕೋಶದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಹೊರಗೆ ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಸುತ್ತ ಕಪ್ಪು ಪುಡಿ. ಇಷ್ಟೆಲ್ಲ ಬಲ್ಲ ನನ್ನನ್ನು ಇಟ್ಟಿಗೆಯಷ್ಟು ದೊಡ್ಡ ಒಂದು ಟ್ರಾನ್ಸಿಸ್ಟರು ಎರಡು ವರ್ಷ ಆಟವಾಡಿಸಿತು ಎಂಬುದನ್ನು ನಿಮಗಲ್ಲದೆ ಇನ್ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ. ನನ್ನ ಶಿಷ್ಯರಲ್ಲಿ ನಾಲ್ಕಾರು ಜನ ಎಂಜಿನಿಯರುಗಳಾಗಿದ್ದಾರೆ.

ಎಪ್ಪತ್ತರ ದಶಕದ ನಡುಗಾಲ. ನನಗೆ ಐ.ಡಿ.ಹಳ್ಳಿಗೆ ವರ್ಗವಾಗಿತ್ತು. ಟ್ರಾನ್ಸಿಸ್ಟರು ನನ್ನ ಸಂಪಾದನೆಯದಲ್ಲ, ಕೊರಟಗೆರೆಯ ಮಾವನವರು ಮದುವೆಯಲ್ಲಿ ಕೊಟ್ಟದ್ದು. ಆದ್ದರಿಂದ ಅದರ ಮೇಲೆ ನಾನು ಯಾವ ಆರೋಪ ಹೊರಿಸಿದರೂ ನನ್ನ ಹೆಂಡತಿ ಸರೋಜ ಒಳಗಿನಿಂದಲೇ, "ನಮ್ಮಪ್ಪ ಕೊಟ್ಟಾಗ ಚೆನ್ನಾಗೇ ಇತ್ತು" ಎನ್ನುತ್ತಿದ್ದಳು. ಈ ಮಾತಿಗೆ ಎರಡು ಅರ್ಥ. ಒಂದು, ಪೆಟ್ಟಿಗೆ ಒಳ್ಳೆಯದೇ. ಎರಡು, ಕೆಟ್ಟದ್ದು ಯಾರ ಕೈಗೆ ಬಂದ ಮೇಲೆ ಎಂದು ನೀವೇ ಯೋಚಿಸಿ.

ಆ ಪೆಟ್ಟಿಗೆಯ ದುರ್ಗುಣ ಒಂದೇ. ಸೆಲ್ಲು ಹೊಸದಾಗಿದ್ದಾಗ ಊರೆಲ್ಲ ಕೇಳುವಂತೆ ಅರಚುತ್ತಿತ್ತು. ಸೆಲ್ಲು ಸ್ವಲ್ಪ ಇಳಿಯಿತೋ, ಸರಿಯಾಗಿ ಬೇಕಾದ ಹೊತ್ತಿಗೆ ಬಾಯಿ ಮುಚ್ಚುತ್ತಿತ್ತು. ಎಲ್ಲರ ರೇಡಿಯೋಗಳೂ ಸಾಯುವ ಮುಂಚೆ ಮರ್ಯಾದೆಯಾಗಿ ಗೊರಗೊರ ಎಂದು, ದನಿ ಸಣ್ಣಗಾಗಿ, ನಾಲ್ಕು ದಿನ ಹಾಸಿಗೆ ಹಿಡಿದು ಸಾಯುತ್ತಿದ್ದವು. ಇದಕ್ಕೆ ಅಷ್ಟು ಸೌಜನ್ಯವೂ ಇರಲಿಲ್ಲ. "ಇಂದು ಸಂಜೆ ದೆಹಲಿಯಲ್ಲಿ..." ಎನ್ನುವುದು, ಸತ್ತೇ ಹೋಗುವುದು. ದೆಹಲಿಯಲ್ಲಿ ಏನಾಯಿತು? ಯಾರಿಗೆ ಗೊತ್ತು! ಹತ್ತು ನಿಮಿಷ ಬಿಟ್ಟರೆ ಮತ್ತೆ ಎದ್ದು, "...ಎಂದು ಅವರು ತಿಳಿಸಿದರು" ಎಂದು ಇನ್ನೊಮ್ಮೆ ಸಾಯುವುದು. ಹೀಗೆ ಬಾಯಿ ಮುಚ್ಚುವ ಪೆಟ್ಟಿಗೆಗೆ ನಾನು ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಬೇರೆ ಮಾಡಿಸುತ್ತಿದ್ದೆ. ಮೌನಕ್ಕೂ ಪರವಾನಗಿ ಬೇಕಾಗಿದ್ದ ಕಾಲ ಅದು.

ಔಷಧಿ ಹೇಳುವವರಿಗೇನು ಬರವೇ? ಮಧುಗಿರಿಯ ಕಡೆಯವರೆಲ್ಲ ಸೆಲ್ಲನ್ನು ಬಿಸಿಲಿಗಿಡಬೇಕೆನ್ನುವವರು, ಹಪ್ಪಳ ಸಂಡಿಗೆಯ ಪಕ್ಕದಲ್ಲೇ. ನಮ್ಮ ಶಾಲೆಯ ಗುಮಾಸ್ತ ಪಾವಗಡದವನು. ಅವನದು ಇನ್ನೂ ಒಂದು ಕೈ ಮೇಲು. "ಎಂಡ ಸಾಲದು ಸಾರ್, ಒಲೆ ಪಕ್ಕದಾಗೆ ಇಡಬೇಕು" ಎಂದು, ಬಿಸಿಲಿಗೆ ಎಂಡ ಎನ್ನುವ ತನ್ನ ಅರ್ಧ ತೆಲುಗಿನಲ್ಲಿ ಚಿಕಿತ್ಸೆ ಹೇಳಿ, ತನ್ನ ಮಾವನ ಮನೆಯಲ್ಲಿ ಹಾಗೆ ಇಟ್ಟ ಸೆಲ್ಲೊಂದು ಸಿಡಿದು ಬೆಕ್ಕು ಮನೆ ಬಿಟ್ಟು ಹೋದ ಕಥೆಯನ್ನೂ ತಾನೇ ಹೇಳಿದ. ಹೆಡ್ಮಾಸ್ಟರು ಸೆಲ್ಲನ್ನು ಹಲ್ಲಿನಿಂದ ಕಚ್ಚಬೇಕೆಂದರು. ಅವರಿಗೆ ಹಲ್ಲಿರಲಿಲ್ಲ, ಹಾಗಾಗಿ ಸಲಹೆಯನ್ನಷ್ಟೇ ಕೊಟ್ಟರು. ನಾನು ಇವರನ್ನೆಲ್ಲ ನೋಡಿ ಮನಸ್ಸಿನಲ್ಲೇ ನಕ್ಕು, ಸ್ಕ್ರೂ ಡ್ರೈವರು ಹಿಡಿದು ವೈಜ್ಞಾನಿಕವಾಗಿ ಪೆಟ್ಟಿಗೆ ಬಿಚ್ಚಿದೆ. ವೈಜ್ಞಾನಿಕವಾಗಿ ಮುಚ್ಚಿದೆ. ಒಂದು ಸ್ಕ್ರೂ ಉಳಿಯಿತು. ಸರೋಜ ಅದನ್ನು ಎತ್ತಿ ದೇವರ ಮುಂದಿನ ಅರಿಶಿನದ ಬಟ್ಟಲಿನಲ್ಲಿಟ್ಟಳು.

ಕೊನೆಗೆ ಒಂದು ಭಾನುವಾರ ಸಿರಾಕ್ಕೆ ಹೊತ್ತುಕೊಂಡು ಹೋದೆ. ಬಸ್ಟ್ಯಾಂಡಿನ ಹಿಂದೆ ಒಬ್ಬ ಸಾಬರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ನನ್ನ ಸೆಲ್ಲು ತೆಗೆದಿಟ್ಟು ತಮ್ಮವನ್ನು ಹಾಕಿದರು. ಪೆಟ್ಟಿಗೆ ಒಂದು ಗಂಟೆ ಕಾಲ ನಿಲ್ಲದೆ ಹಾಡಿತು.

"ಸೆಟ್ಟಿಗೆ ಬೀಮಾರಿ ಏನೂ ಇಲ್ಲ ಮಾಸ್ಟ್ರೇ. ನಿಮ್ದು ಸೆಲ್ಲು ಕಮ್ಜೋರ್" ಎಂದರು.

"ಸಾಧ್ಯವಿಲ್ಲ. ಇದೇ ಸೆಲ್ಲು ಹಾಕಿದರೆ ನನ್ನ ಟಾರ್ಚು ಚೆನ್ನಾಗಿ ಉರಿಯುತ್ತೆ" ಎಂದೆ ನಾನು, ಪ್ರಯೋಗದಿಂದ ಸಿದ್ಧಪಡಿಸಿದವನ ಗತ್ತಿನಲ್ಲಿ.

ಸಾಬರು ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. "ಟಾರ್ಚು ಹಾಡ್ತದಾ ಮಾಸ್ಟ್ರೇ?"

ಓದಿಲ್ಲದವರ ಜೊತೆ ವಾದವೇಕೆ ಎಂದು ಹಳೆಯ ಸೆಲ್ಲುಗಳನ್ನೇ ಹಾಕಿಸಿಕೊಂಡು ಬಂದೆ. ಸೆಲ್ಲು ಬದಲಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿ.ಎಸ್ಸಿ. ಪದವಿ ಎಂಬುದು ಸುಮ್ಮನೆ ಬಿಡುವ ವಸ್ತುವಲ್ಲ.

ಅದಾಗಿ ತಿಂಗಳಿಗೆ ಈರಕ್ಕ ಒಂದು ಕಾಗದ ಹಿಡಿದು ಬಂದಳು. ಊರಿಂದ ಎರಡು ಮೈಲಿ ಆಚೆಯ ಕುರಿಗಾಹಿಗಳ ಹಟ್ಟಿಯವಳು, ಐವತ್ತರ ಹೆಂಗಸು, ಗಂಡನಿಲ್ಲ. ನಮ್ಮ ಮನೆಗೆ ಬೆಣ್ಣೆ ತಂದು ಹಾಕುತ್ತಿದ್ದಳು. ಹಿಂದಿನ ವರ್ಷ ಯಾರೋ ಹಾಡು ಬರೆದುಕೊಳ್ಳುವವರು ಹಟ್ಟಿಗೆ ಬಂದು, ಇವಳ ದನಿ ಕೇಳಿ, ಬೆಂಗಳೂರಿಗೆ ಕರೆಸಿಕೊಂಡು ರೇಡಿಯೋಗೆ ಹಾಡಿಸಿದ್ದರು. ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ, ಎರಡು ದಿನದಲ್ಲಿ ಹಿಂದಿರುಗಿದ್ದಳು. ಆ ಎರಡು ದಿನದಲ್ಲೇ ತೋಳ ಬಿದ್ದು ಹಟ್ಟಿಯ ಮೂರು ಕುರಿ ಹೋಗಿದ್ದವು.

ಹಟ್ಟಿಯ ಯಜಮಾನ ರಂಗಪ್ಪ ಅವಳ ಗಂಡನ ಅಣ್ಣ. ಅವನು ಅಂದಿನಿಂದ ಒಂದೇ ಸಮನೆ, "ಹಾಡಂತೆ, ರೇಡಿಯಾ ಅಂತೆ! ಅಕ್ಕ ತಮ್ಮ ಬೆಂಗ್ಳೂರು ನೋಡಕ್ಕೋಗಿದ್ರು, ಕುರಿ ಬುಟ್ಟು" ಎಂದು ನೀರಿನ ಬಾವಿಯ ಹತ್ತಿರ, ಕುರಿ ಕೂಡುವ ರೊಪ್ಪದ ಹತ್ತಿರ, ನೆಂಟರ ಮುಂದೆ ಹಂಗಿಸುತ್ತಿದ್ದ. ಹೆಂಗಸರೂ ಅವಳನ್ನು "ಹಾಡಕ್ಕೋದೋಳು" ಎಂದೇ ಕರೆಯತೊಡಗಿದ್ದರು. ಒಂದು ವರ್ಷ ಅವಳು ಅದನ್ನು ಕೇಳಿಕೊಂಡೇ ಬೆಣ್ಣೆ ಕಡೆದಿದ್ದಳು.

ಕಾಗದ ಓದಿದೆ. ಬರುವ ಗುರುವಾರ ಸಂಜೆ ಆರೂವರೆಗೆ ಅವಳ ಹಾಡಿನ ಪ್ರಸಾರ.

"ನಿಮ್ಮನೇಲಿ ಪೆಟ್ಗೆ ಐತಲ್ಲ ಮೇಷ್ಟ್ರೇ. ನಮ್ ಬಾವನ್ನ ಕರ್ಕಂಡ್ ಬತ್ತೀನಿ" ಎಂದಳು. ಕೇಳಿದ್ದಲ್ಲ, ತೀರ್ಮಾನ ಹೇಳಿದ್ದು.

"ಹೆಡ್ಮಾಸ್ಟರ ಮನೆಯಲ್ಲಿ ಕರೆಂಟಿನ ದೊಡ್ಡ ರೇಡಿಯೋ ಇದೆ ಈರಕ್ಕ" ಎಂದೆ.

"ಅವ್ರ ಮನೆ ಒಳೀಕ್ ನಮ್ಮನ್ನ ಬುಡ್ತಾರಾ? ಅಲ್ದೆ ಸಂಜೆ ಕರೆಂಟು ಎಲ್ಲಿರ್ತೈತೆ?"

ಎರಡು ಪ್ರಶ್ನೆಗೂ ಉತ್ತರ ನನಗೆ ಗೊತ್ತಿತ್ತು.

ಹೊಸ ಸೆಲ್ಲು ತರುವುದೆಂದು ಆಗಲಾದರೂ ನಿಶ್ಚಯಿಸಿದೆ. ಆದರೆ ಸೋಮವಾರ, ಮಂಗಳವಾರ, ಬುಧವಾರ ಎಂಬ ಮೂರು ದಿನಗಳು ನನ್ನಂಥವರಿಗಾಗಿಯೇ ಇವೆ. ಗುರುವಾರ ಬೆಳಿಗ್ಗೆ ಊರಿನ ಒಂದೇ ಅಂಗಡಿಗೆ ಹೋದರೆ ಬೀಗ. ಶೆಟ್ಟರು ಸಾಮಾನಿಗೆಂದು ಮಧುಗಿರಿಗೆ ಹೋಗಿದ್ದರು, ಬರುವುದು ಮರುದಿನ. ಮನೆಗೆ ಬಂದು, ಯಾರಿಗೂ ಕಾಣದ ಹಾಗೆ, ಸೆಲ್ಲುಗಳನ್ನು ಹಿತ್ತಲಿನ ಬಿಸಿಲಿಗಿಟ್ಟೆ. ಸರೋಜ ಕಂಡಳು. ಪಕ್ಕದಲ್ಲಿ ಮೊರದ ತುಂಬ ಸಂಡಿಗೆ ತಂದಿಟ್ಟಳು.

ಸಂಜೆ ಹಟ್ಟಿಯೇ ಬಂದಿಳಿಯಿತು. ಮೂವತ್ತು ಜನಕ್ಕೆ ಕಡಿಮೆಯಿಲ್ಲ. ಗಂಡಸರು ಕಂಬಳಿ ಹಾಸಿಕೊಂಡು ಅಂಗಳದಲ್ಲಿ, ಹೆಂಗಸರು ಜಗಲಿಯ ಕೆಳಗೆ. ರಂಗಪ್ಪ ಮಾತ್ರ ಎಲ್ಲರಿಂದ ದೂರ, ಬೀದಿಯ ಕಲ್ಲಿನ ಮೇಲೆ, ನ್ಯಾಯ ತೀರ್ಮಾನ ಮಾಡುವವನ ಹಾಗೆ ಕೋಲೂರಿ ಕೂತ. ಅವನಿಗೆ ಕಿವಿ ಸ್ವಲ್ಪ ಮಂದ. ಅಷ್ಟು ಹೊತ್ತಿಗೆ ಕರೆಂಟು ಹೋಗಿ, ಹೆಡ್ಮಾಸ್ಟರೂ ನಮ್ಮ ಮನೆಗೇ ಬಂದು ಇದ್ದ ಒಂದೇ ಕುರ್ಚಿಯನ್ನು ಹಿಡಿದರು.

ನಾನು ಟ್ರಾನ್ಸಿಸ್ಟರನ್ನು ಜಗಲಿಯ ಮೇಲಿಟ್ಟು, ಬೀದಿಯ ಕಲ್ಲಿನವರೆಗೂ ಕೇಳಲೆಂದು ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿದೆ. ಪುಣ್ಯಕ್ಕೆ ಹತ್ತಿತು. ಯಾರೋ ಗೊಬ್ಬರದ ಮೇಲೆ ಭಾಷಣ ಮಾಡುತ್ತಿದ್ದರು, ಅದು ಮುಗಿಯಿತು. "ಈಗ ಜನಪದ ಗೀತೆಗಳು" ಎಂದಿತು. ಬಾಯಿ ಮುಚ್ಚಿತು.

ನಾನು ಬೆನ್ನಿಗೆ ಒಂದು ಗುದ್ದಿದೆ. ಹೆಡ್ಮಾಸ್ಟರು "ತಲೆಕೆಳಗು ಮಾಡ್ರೀ" ಎಂದರು. ಮಾಡಿದೆ. "...ಹಾಡಿದವರು..." ಎಂದು ಕಿರುಚಿ ಮತ್ತೆ ಹೋಯಿತು. "ಸೆಲ್ಲು ಹಿಂದುಮುಂದು ಮಾಡ್ರೀ ಮೇಷ್ಟ್ರೇ" ಎಂದರು. ನಾನು ಅವಸರದಲ್ಲಿ ಮುಚ್ಚಳ ತೆಗೆದರೆ ಒಂದು ಸೆಲ್ಲು ಉರುಳಿ ಹೆಂಗಸರ ನಡುವೆ ಬಿತ್ತು.

ಕಲ್ಲಿನ ಮೇಲಿನಿಂದ ರಂಗಪ್ಪನ ದನಿ ಬಂತು. "ನೋಡ್ರಲಾ! ಸುಳ್ಳೇಳಕ್ಕೆ ಪೆಟ್ಗೆಗೂ ನಾಚ್ಕೆ ಆಯ್ತದೆ."

ಯಾರೋ ಕಿಸಕ್ಕೆಂದರು. ಒಬ್ಬ ಗಂಡಸು ಕಂಬಳಿ ಕೊಡವಿ ಎದ್ದ. ಈರಕ್ಕ ನನ್ನ ಕಡೆ ನೋಡಿದಳು. ನನ್ನ ಮೂವತ್ತೈದು ವರ್ಷದ ಆಯುಷ್ಯದಲ್ಲಿ ಅಷ್ಟು ನಿಕೃಷ್ಟನಾಗಿ ನಾನು ಎಂದೂ ಕಂಡಿರಲಿಲ್ಲ, ನನ್ನ ಕಣ್ಣಿಗೇ.

ಅವಳು ಬಿದ್ದ ಸೆಲ್ಲನ್ನು ಸೆರಗಿನಲ್ಲಿ ಒರೆಸಿ ತಂದಳು. ನಾನು ಹಾಕಿದೆ. ಪೆಟ್ಟಿಗೆ ಒಂದು ಕ್ಷಣ ಅರಚಿ ಸುಮ್ಮನಾಯಿತು.

"ಇದ್ಕೆ ದಮ್ಮಿಲ್ಲ ಕಣಪ್ಪ" ಎಂದಳು ಈರಕ್ಕ. "ದಮ್ಮಿಲ್ದಾಗ ಕೂಗ್ಸಿದ್ರೆ ಗಂಟ್ಲು ಕಟ್ಕಂತದೆ. ಮೆತ್ತಗೆ ಹಾಡ್ಸು."

"ಈರಕ್ಕ, ಇದು ಯಂತ್ರ. ಗಂಟಲಲ್ಲ" ಎಂದೆ ನಾನು. ಹೌದು, ಆ ಹೊತ್ತಿನಲ್ಲೂ ಪಾಠ ಹೇಳಿದೆ!

"ಯಂತ್ರ ಆದ್ರೇನು, ಉಸ್ರು ಬ್ಯಾಡ್ವಾ? ಕೂಗೋ ತಿರುಪು ಯಾವ್ದು?" ಎಂದು ತಾನೇ ಕೈ ಹಾಕಿ ವಾಲ್ಯೂಮನ್ನು ತೀರ ಕೆಳಕ್ಕೆ ಇಳಿಸಿಬಿಟ್ಟಳು. ಪೆಟ್ಟಿಗೆಯೊಳಗಿಂದ ಸೊಳ್ಳೆಯಷ್ಟು ಸಣ್ಣಗೆ ದನಿ ಎದ್ದಿತು. ನಿಲ್ಲಲಿಲ್ಲ. ಹಾಡೇ!

ಅಲ್ಲಿ ನಡೆದದ್ದನ್ನು ವಿವರಿಸುವ ಪದ ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಹಳೆಯ ಸೆಲ್ಲಿನ ಒಳಗೇ ತಡೆ ಬೆಳೆದಿರುತ್ತದೆ. ಹೆಚ್ಚು ಎಳೆದರೆ ಅದು ಕುಸಿಯುತ್ತದೆ, ಮೆಲ್ಲಗೆ ಎಳೆದರೆ ಕೊಡುತ್ತದೆ. ಆಂತರಿಕ ರೋಧ. ಎಷ್ಟೋ ಬಾರಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದು, 'ಪರೀಕ್ಷೆಗೆ ಮುಖ್ಯ' ಎಂದಿದ್ದೆ. ಪರೀಕ್ಷೆ ಬಂದಾಗ ಪಾಸಾದವಳು ಬೆಣ್ಣೆಯವಳು.

ಈರಕ್ಕ ಪೆಟ್ಟಿಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು, ಜಗಲಿ ಇಳಿದು, ಜನರ ನಡುವೆ ಹಾದು, ಸೀದಾ ಬೀದಿಯ ಕಲ್ಲಿನ ಹತ್ತಿರ ಹೋದಳು. ಭಾವನ ಎದುರು ಅವಳು ನಿಂತು ಮಾತಾಡುವವಳಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಪೆಟ್ಟಿಗೆಯನ್ನು ಅವನ ಪಕ್ಕದಲ್ಲಿಟ್ಟು, "ಕಿವಿ ಕೊಡು ಬಾವ" ಎಂದಳಷ್ಟೆ. ರಂಗಪ್ಪ ಪೆಟ್ಟಿಗೆಯನ್ನೂ ಜನರನ್ನೂ ನೋಡಿದ. ಆಮೇಲೆ, ಉದಾಸೀನದಿಂದಲೇ, ಅದನ್ನು ಎತ್ತಿ ಕಿವಿಗಿಟ್ಟುಕೊಂಡ.

ಇಟ್ಟುಕೊಂಡವನು ತೆಗೆಯಲಿಲ್ಲ. ಹಾಡು ತಪ್ಪಿಸಿಕೊಂಡ ಮರಿಯನ್ನು ಹುಡುಕುವ ಕುರಿಯ ಕಥೆ, ಆಮೇಲೆ ಈರಕ್ಕನೇ ಹೇಳಿದ್ದು. ಅಂಗಳದ ಮೂವತ್ತು ಜನವೂ ಎದ್ದು ಬಂದು ಅವನ ಸುತ್ತ ಮುತ್ತಿದರು. ಹತ್ತಿರದ ನಾಲ್ಕಾರು ಜನಕ್ಕೆ ತುಣುಕು ತುಣುಕಾಗಿ ಕೇಳಿತು. ಉಳಿದವರು ರಂಗಪ್ಪನ ಮುಖವನ್ನು ನೋಡುತ್ತ ನಿಂತರು. ಅವನ ಗಡ್ಡ ಅಲುಗಿತು.

"ನಮ್ಮವ್ವನ ಪದ" ಎಂದ, ಯಾರಿಗೂ ಅಲ್ಲ.

ಆ ಪದವನ್ನು ಸೊಸೆಗೆ ಕಲಿಸಿದವಳು ಅವನ ತಾಯಿ. ಸತ್ತು ಹನ್ನೆರಡು ವರ್ಷವಾಗಿತ್ತಂತೆ. ಯಾರೋ ಒಬ್ಬಳು "ನಮ್ಗೂ ಒಂದಿಷ್ಟು ಕೇಳ್ಸು ಮಾವ" ಎಂದು ಕೈ ಚಾಚಿದಳು. ಅವನು ಕೋಲೆತ್ತಿದ. ಹಾಡು ಮುಗಿದು, ಮಳೆಯ ಮುನ್ಸೂಚನೆ ಬಂದು, ಅದೂ ಮುಗಿಯುವ ತನಕ ಪೆಟ್ಟಿಗೆ ಅವನ ಕಿವಿಯಲ್ಲೇ ಇತ್ತು. ಆಮೇಲೆ ಸೆಲ್ಲು ನಿಜವಾಗಿಯೂ ಸತ್ತಿತು.

ಜನ ಹೊರಟ ಮೇಲೆ ನನಗೆ ಹೊಳೆಯಿತು. ಅಷ್ಟೂ ಹೊತ್ತು ಈರಕ್ಕ ಹಿಂದೆ, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಿದ್ದಳು. "ನೀನೇ ಕೇಳಲಿಲ್ಲವಲ್ಲ ಈರಕ್ಕ! ನಿನ್ನ ದನಿ ನಿನಗೇ ಸಿಕ್ಕಲಿಲ್ಲ. ಎಲ್ಲ ನನ್ನಿಂದಲೇ" ಎಂದೆ.

ಅವಳು ಬೆಣ್ಣೆಯ ಗಡಿಗೆಯನ್ನು ತಲೆಯ ಸಿಂಬಿಯ ಮೇಲಿಟ್ಟುಕೊಳ್ಳುತ್ತ ನಕ್ಕಳು. "ನಾನ್ ಹಾಡಿದ್ದು ನಂಗೊತ್ತಿಲ್ವಾ ಮೇಷ್ಟ್ರೇ? ಕೇಳ್ಬೇಕಾಗಿದ್ದೋರು ಕೇಳುದ್ರು ಬುಡಿ."

ಅವರು ದಾರಿ ಹಿಡಿದ ಮೇಲೂ ಕತ್ತಲಲ್ಲಿ ರಂಗಪ್ಪನ ದನಿ ನನ್ನ ಜಗಲಿಗೆ ಕೇಳುತ್ತಿತ್ತು. ಹಾಡಿದ್ದೇ ಸುಳ್ಳೆಂದು ವರ್ಷವಿಡೀ ಸಾರಿದ್ದ ಮಹಾಶಯ ಈಗ ಹಟ್ಟಿಗೆಲ್ಲ ವ್ಯಾಖ್ಯಾನ ಮಾಡುತ್ತ ಮುಂದೆ ನಡೆಯುತ್ತಿದ್ದ. "ಹಾಡವ್ಳೆ, ಇಲ್ಲ ಅನ್ನಲ್ಲ. ಆದ್ರೆ ನಡುವೆ ಒಂದ್ ಸಾಲು ನುಂಗ್‌ಬುಟ್ಟವ್ಳೆ. ನಮ್ಮವ್ವ ಅಂಗೆ ನುಂಗ್ತಿರ್ಲಿಲ್ಲ."

"ನುಂಗಿಲ್ಲ ಬಾವ," ಎಂದು ಹಿಂದಿನಿಂದ ಈರಕ್ಕನ ದನಿ ಬಂತು. ತಡೆದು ನಿಂತು, ಆ ಸಾಲನ್ನು, ಕತ್ತಲು ತುಂಬುವ ಹಾಗೆ, ಹಾಡಿಯೇ ತೋರಿಸಿದಳು. ಈ ಸಲ ಎಲ್ಲರಿಗೂ ಕೇಳಿತು.